ಮರಣ ದಾಖಲೆಯ ಎರಡನೇ ಡಿಸ್ಕು

ಮರಣ ನೋಂದಣಿ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಎಲ್ಲರೂ ಡಿಸ್ಕಪ್ಪ ಎಂದೇ ಕರೆಯುತ್ತಿದ್ದರು. ಆ ಬೆಳಿಗ್ಗೆ ಅವನಿಗಿದ್ದದ್ದು ಒಂದೇ ಕೆಲಸ: ದಾಖಲೆಗಳ ಡಿಸ್ಕನ್ನು ನಕಲು ಮಾಡಿಡುವುದು. ಅದು ಕೈಯಲ್ಲಿ ಹಿಡಿಯುವ ಡಿಸ್ಕಲ್ಲ. ತಣ್ಣನೆಯ ಒಳಕೋಣೆಯ ದೊಡ್ಡ ಪೆಟ್ಟಿಗೆಯೊಳಗೆ ಹೆಸರಿಗಷ್ಟೇ ಇರುವಂಥದ್ದು. ಮೊದಲು ಸರ್ವರ್ ನಿಲ್ಲಿಸಬೇಕು, ಆಮೇಲೆ ನಕಲು ತೆಗೆಯಬೇಕು, ನಕಲನ್ನು ಮಾತ್ರ ಚಾಲೂ ಮಾಡಕೂಡದು. "ಇನ್ನೊಂದು ಎಡವಟ್ಟಾದ್ರೆ ಮನೆಗೆ ಕಳಿಸ್ತೀನಿ" ಎಂದು ಮೇಲಧಿಕಾರಿ ಆಗಲೇ ಹೇಳಿದ್ದರು.

"ನಿಲ್ಲಿಸ್ಬೇಡಪ್ಪಾ, ಕ್ಯೂ ಆಗ್ಲೇ ಬೀದಿಗೆ ಬಂದಿದೆ" ಎಂದು ಕಾವಲುಗಾರ ಮೂಗು ತೂರಿಸಿದ. ಡಿಸ್ಕಪ್ಪ ನಿಲ್ಲಿಸದೆಯೇ ನಕಲು ತೆಗೆದ. ಸರಿಯಿದೆಯೇ ಎಂದು ನೋಡಲು ಅದನ್ನೂ ಚಾಲೂ ಮಾಡಿದ. ಆರಿಸುವುದನ್ನು ಮರೆತ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಮೊದಲ ಕೌಂಟರಿನಲ್ಲಿ ಗಂಡನ ಮರಣ ಬರೆಸಿ, ಪ್ರಮಾಣಪತ್ರಕ್ಕೆಂದು ಎರಡನೆಯದಕ್ಕೆ ಬಂದಳು. ಅಲ್ಲಿನ ಗುಮಾಸ್ತೆ ಪರದೆ ನೋಡಿ, "ಇವರು ಸತ್ತಿಲ್ವಲ್ಲಮ್ಮ" ಎಂದಳು.

ಹೆಂಗಸು ಬಿಳಿಚಿಕೊಂಡಳು. "ಹಾಗಾದ್ರೆ ಈಗ ಮನೆಗೆ ಹೋದ್ರೆ... ಇರ್ತಾರಾ?"

ಗುಮಾಸ್ತೆ ಪರದೆಯನ್ನು ಇನ್ನೊಮ್ಮೆ ನೋಡಿ, ಕ್ಯೂನಲ್ಲಿದ್ದ ಮುಂದಿನವರನ್ನು ಕರೆದಳು.

ಮಧ್ಯಾಹ್ನದ ಹೊತ್ತಿಗೆ ಹೀಗೆ ಹದಿನೇಳು ಮಂದಿ ಒಂದು ಪರದೆಯಲ್ಲಿ ಸತ್ತು, ಇನ್ನೊಂದರಲ್ಲಿ ಬದುಕಿದ್ದರು. ಕ್ಯೂ ಉದ್ದವಾದ್ದರಿಂದ ಕೆಲವರ ಮರಣವನ್ನು ಎರಡನೇ ಕೌಂಟರಿನಲ್ಲೇ ಬರೆದಿದ್ದರು. ಕಾವಲುಗಾರ ಖಾಲಿ ಕುರ್ಚಿಗಳಲ್ಲಿ ಕೂರುವುದನ್ನೇ ಬಿಟ್ಟ. "ಆಗ್ಲೇ ಯಾರಾದ್ರೂ ಕೂತಿದ್ರೆ?" ಎಂದು ಪಿಸುಗುಟ್ಟಿದ.

ಡಿಸ್ಕಪ್ಪನಿಗೆ ಆಗ ಹೊಳೆಯಿತು: ಅಸಲಿ ಡಿಸ್ಕು, ಅದರ ನಕಲು ಎರಡೂ ಒಂದೇ ಹೆಸರಿನಲ್ಲಿ ಎದ್ದು ಕೂತಿವೆ. ಯಾವ ಕೌಂಟರು ಯಾವುದರ ಜೊತೆ ಮಾತಾಡುತ್ತಿದೆ? ಗುಮಾಸ್ತೆ ಊಟಕ್ಕೆ ಎದ್ದಾಗ ಅವಳ ಪರದೆಯಲ್ಲಿ ಪರೀಕ್ಷೆಗೆಂದು ಒಂದು ಮರಣ ಬರೆದ. ಬೇರೆಯವರ ಹೆಸರು ಹಾಕಲು ಮನಸ್ಸು ಒಪ್ಪದೆ ತನ್ನದನ್ನೇ ಹಾಕಿದ. ಒಳಕೋಣೆಗೆ ಹೋಗಿ ನೋಡಿದರೆ ಅದು ನಕಲಿನಲ್ಲಿತ್ತು. ಸತ್ತವರ ಸಾಲಿನ ಕೊನೆಯಲ್ಲಿದ್ದ ತನ್ನ ಹೆಸರನ್ನು ಎರಡು ಸಲ ಓದಿದ. ಬೆನ್ನ ಹಿಂದೆ ಪೆಟ್ಟಿಗೆ ಯಾರೋ ಉಸಿರಾಡಿದಂತೆ ಗುಂಯ್ಗುಡುತ್ತಿತ್ತು.

ನಕಲಿನಲ್ಲಷ್ಟೇ ಇದ್ದ ಹೆಸರುಗಳ ಪಟ್ಟಿಯನ್ನು ಅವಸರದಲ್ಲಿ ಮುದ್ರಿಸಿ ಗುಮಾಸ್ತೆಗೆ ಕೊಟ್ಟ. "ಮೊದಲ ಕೌಂಟರಿನಲ್ಲಿ ಕೂತು ಇವನ್ನೆಲ್ಲಾ ಅಸಲಿ ಡಿಸ್ಕಿಗೆ ಹಾಕಿ ಮೇಡಂ, ಒಂದೂ ಬಿಡ್ಬೇಡಿ." ಅವಳು ಮುಗಿಸಿದೊಡನೆ ನಕಲನ್ನು ಅಳಿಸಿಹಾಕಿದ. ತನ್ನ ಹೆಸರೂ ಅದರ ಜೊತೆ ಹೋಯಿತೆಂದು ನಿಟ್ಟುಸಿರು ಬಿಟ್ಟ.

ನಾಲ್ಕಕ್ಕೆ ಮೇಲಧಿಕಾರಿ ಕರೆಸಿದರು. ಪಕ್ಕದಲ್ಲಿ ಗುಮಾಸ್ತೆ ತಲೆ ತಗ್ಗಿಸಿ ನಿಂತಿದ್ದಳು.

"ಪಟ್ಟಿಯ ಕೊನೇಲಿರೋದು ನಿಮ್ಮ ಹೆಸರಲ್ವೇನ್ರೀ?" ಎಂದು ಅವರು ಡಿಸ್ಕಪ್ಪನನ್ನು ಕೇಳಿದರು.

"ನಾನು ಹೆಸರು ಓದಲ್ಲ ಸಾರ್" ಎಂದಳು ಗುಮಾಸ್ತೆ. "ಓದಿದ್ರೆ ನಿದ್ದೆ ಬರಲ್ಲ. ಅಕ್ಷರ ನೋಡ್ತೀನಿ, ಅಕ್ಷರ ಹೊಡೀತೀನಿ."

"ಈಗಲೇ ಅಳಿಸ್ತೀನಿ ಸಾರ್!" ಎಂದ ಡಿಸ್ಕಪ್ಪ.

"ಅಸಲಿ ದಾಖಲೆ ಅಳಿಸೋ ಹಾಗಿಲ್ಲ. ವಾರಸುದಾರರು ಅರ್ಜಿ ಕೊಡ್ಲಿ, ನೋಡೋಣ."

"ಸಾರ್, ನನ್ನ ಕೆಲಸ?"

ಮೇಲಧಿಕಾರಿಯ ದನಿ ಎಂದೂ ಇಲ್ಲದಷ್ಟು ಮೆತ್ತಗಾಯಿತು. "ತೆಗೆಯೋ ಮಾತೇ ಇಲ್ಲ ಬಿಡಿ. ನಿಧನದಿಂದ ಖಾಲಿಯಾದ ಹುದ್ದೆ ಅಂತ ಕಂಪ್ಯೂಟರ್ ತಾನಾಗೇ ಮೇಲಕ್ಕೆ ಕಳಿಸಿದೆ. ನಾಳೆ ಹೊಸಬರು ಬರ್ತಾರೆ. ಡಿಸ್ಕ್ ನಕಲು ಹೇಗೆ ಮಾಡ್ಬೇಕು ಅಂತ ಒಂದು ಹಾಳೇಲಿ ಬರೆದಿಟ್ಟು ಹೋಗಿ."

ಹೊರಬಾಗಿಲಲ್ಲಿ ಅವನು ಗುರುತಿನ ಕಾರ್ಡು ತೋರಿಸಿದರೆ ಕೆಂಪು ದೀಪ ಹತ್ತಿತು, ಬಾಗಿಲು ತೆರೆಯಲಿಲ್ಲ. ಕಾವಲುಗಾರ ಆಚೆಯಿಂದ ಬಾಗಿಲು ತೆಗೆದು, ಅವನು ದಾಟಿ ಹೋಗುವವರೆಗೂ ಉಸಿರು ಬಿಗಿಹಿಡಿದು ಗೋಡೆಗೆ ಒತ್ತಿಕೊಂಡು ನಿಂತ.