ಅಜ್ಜಿಯ ಫೋನಿಗೆ ಅಪ್ಪನ ಲೈಸೆನ್ಸು

ಚೌಕ ಚೌಕಗಳಲ್ಲೂ ಕಂಬವೇರಿ ಕುಳಿತು, ಊಟ ನಿದ್ದೆಗಳ ಹಂಗಿಲ್ಲದೆ ನಮ್ಮನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಕ್ಯಾಮೆರಾಗಳಿಗೂ, ಅವುಗಳನ್ನು ಹೆತ್ತ ತಂದೆಯಂತಿರುವ ಸಂಚಾರ ಇಲಾಖೆಯ ಹಿರಿಯ ಅಧಿಕಾರಿಗಳಿಗೂ, ಟ್ಯಾಕ್ಸಿ ಚಾಲಕನ ಮಗಳು ಹಿಂದಿನ ಸೀಟಿನಲ್ಲಿ ಎಷ್ಟು ಬಾಗಲು ಸಾಧ್ಯವೋ ಅಷ್ಟು ಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ನೋಟಿಸು ತಲುಪಿತು. ಗಾಡಿಯೊಳಗೆ ಯಾರ ಕೈಯಲ್ಲಿ ಯಾವ ಪರದೆ ಬೆಳಗಿದರೂ ಚಾಲಕನೇ ಹೊಣೆ ಎಂದು ಬರೆದಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ನಾವು ಇಷ್ಟು ದಿನ ಬರೀ ಬಾಯಲ್ಲಿ ಆಡುತ್ತಿದ್ದೆವು. ಅದಕ್ಕೆ ಮೊಹರು ಒತ್ತಿ ಕಾನೂನಿನ ಪಟ್ಟ ಕಟ್ಟಿದ ಕೀರ್ತಿ ತಮಗೇ ಸಲ್ಲಬೇಕು.

ಆದದ್ದಿಷ್ಟು. ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆವು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಅವಳು ಯಾವಾಗಲೂ ಮುಂದೆಯೇ. ಅವಳ ತಂಗಿಯ ವಿಡಿಯೊ ಕರೆ ಬಂತು. "ಚಿಕ್ಕಮ್ಮನಿಗೆ ಒಂಚೂರು ಮುಖ ತೋರಿಸೋ, ನಿಂದೇನು ಗಂಟು ಹೋಗುತ್ತೆ?" ಎಂದು ಫೋನನ್ನು ಅಪ್ಪನ ಮೂಗಿನ ಮುಂದೆ ಹಿಡಿದಳು. ಅಪ್ಪ ತೋರಿಸಿದ. ತಮ್ಮ ಕ್ಯಾಮೆರಾ ಕೂಡ, ನೆಂಟರಲ್ಲಿ ಒಬ್ಬರಂತೆ, ಅದೇ ಗಳಿಗೆಗೆ ಇಣುಕಿತು.

ಇದು ಎರಡನೆಯ ನೋಟಿಸು. ಇನ್ನೊಂದು ಬಂದರೆ ಲೈಸೆನ್ಸು ಅಮಾನತು ಎಂದಿದ್ದೀರಿ. ನಮ್ಮ ಮನೆಯ ಒಲೆ ಉರಿಯುವುದೇ ಆ ಲೈಸೆನ್ಸಿನಿಂದ. ಹಾಗಾಗಿ ಫೋನ್ ಒಳಗಿಡು ಎಂದು ಅಪ್ಪ ಹೇಳಿಯೇ ಹೇಳಿದ. "ನಿನಗೆ ಮಾತು ಕಲಿಸಿದವಳು ನಾನು, ನಂಗೇ ಬಾಯಿ ಮುಚ್ಚು ಅಂತೀಯಾ?" ಎಂಬ ಮರುಪ್ರಶ್ನೆಗೆ ತಮ್ಮ ನಿಯಮಾವಳಿಯಲ್ಲಿ ಉತ್ತರ ಹುಡುಕಿದೆ, ಸಿಗಲಿಲ್ಲ. ಇನ್ನೊಂದು ದಿನ ದಾರಿಯಲ್ಲಿ ಮತ್ತೆ ಫೋನ್ ಬಂದಾಗ ಅಪ್ಪ ವಿಧೇಯನಾಗಿ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ. ಇಲ್ಲಿ ನಿಲ್ಲಿಸಬಾರದೆಂದು ತಮ್ಮ ಪೇದೆಯವರು ಬಂದು ಕಿಟಕಿ ತಟ್ಟಿದರು. "ಬಾಪ್ಪಾ, ನೀನೂ ಮಾತಾಡು" ಎಂದು ಅಜ್ಜಿ ಫೋನನ್ನು ಅವರತ್ತ ತಿರುಗಿಸಿದಳು. ಅವರು ಟೋಪಿ ಸರಿಮಾಡಿಕೊಂಡು, "ಆರೋಗ್ಯಾನಾ ಅಮ್ಮಾ?" ಎಂದು ವಿಚಾರಿಸಿ, ನಮ್ಮನ್ನು ಬಿಟ್ಟು ಕಳಿಸಿದರು. ಆ ಹೊತ್ತಿನಲ್ಲಿ ಅವರ ಗಮನ ತಪ್ಪಿದ್ದಕ್ಕೆ ಹೊಣೆ ಯಾರೆಂದು ತಾವೇ ತೀರ್ಮಾನಿಸಬೇಕು.

ಆದ್ದರಿಂದ ತಾಯಂದಿರಿಗೂ ಲೈಸೆನ್ಸು ಕೊಟ್ಟು, ಅಗತ್ಯ ಬಿದ್ದರೆ ಅಮಾನತು ಮಾಡುವ ವಿಭಾಗವೊಂದನ್ನು ಬೇಗ ತೆರೆಯಬೇಕೆಂದೂ, ಅಲ್ಲಿಯತನಕ ಧೈರ್ಯವಂತ ಅಧಿಕಾರಿಯೊಬ್ಬರನ್ನು ಸೀಟಿಯೊಂದಿಗೆ ನಮ್ಮ ಗಾಡಿಯಲ್ಲಿ ಕೂರಿಸಬೇಕೆಂದೂ, ಫೋಟೊ ತೆಗೆಯುವ ಮುಂಚೆ ತಲೆ ಬಾಚಿಕೊಳ್ಳುವಷ್ಟಾದರೂ ಸಮಯ ಕೊಡಬೇಕೆಂದೂ ಬೇಡಿಕೊಳ್ಳೋಣವೆಂದಿದ್ದೆ. ಕೊನೆಯ ಕೋರಿಕೆ ಅಜ್ಜಿಯದು. ನೋಟಿಸಿನ ಜೊತೆ ಬಂದ ಫೋಟೊದಲ್ಲಿ ತಾಯಿ ಮಗ ಇಬ್ಬರೂ ನಗುತ್ತಿದ್ದಾರೆ. ಅವಳು ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಸಿದ್ದಳು.

ಹೊಸ ಕನ್ನಡಕ ಬಂದ ದಿನ ಮೊದಲು ನೋಡಿದ್ದು ಅದನ್ನೇ. ನೋಡುತ್ತಾ ನೋಡುತ್ತಾ ಅವಳ ನಗು ಇಳಿಯಿತು. ಕೆಳಗಿನ ಮೂಲೆಯಲ್ಲಿ, ಬಂಪರಿಗೆ ಅಂಟಿದಂತೆ, ಎರಡು ಜಡೆಯ ಹುಡುಗಿಯೊಬ್ಬಳು ರಸ್ತೆ ದಾಟುತ್ತಿದ್ದಾಳೆ.

"ಈ ಮಗು ನಿಂಗೆ ಕಂಡಿತ್ತೇನೋ?" ಎಂದು ಕೇಳಿದಳು.

ಕಾಲು ತಾನಾಗಿಯೇ ಬ್ರೇಕ್ ಒತ್ತಿತ್ತು ಎಂದಷ್ಟೇ ಅಪ್ಪ ಹೇಳಿದ. ಕಣ್ಣಿನ ಮಾತು ಎತ್ತಲಿಲ್ಲ. ಅಂದಿನಿಂದ ಗಾಡಿ ಹತ್ತುವ ಮುಂಚೆಯೇ ಅಜ್ಜಿಯ ಫೋನು ಚೀಲದ ತಳ ಸೇರುತ್ತದೆ. ಎಷ್ಟು ಬಡಿದುಕೊಂಡರೂ ಅವಳು ಮುಟ್ಟುವುದಿಲ್ಲ. ಹೀಗಾಗಿ ಮೇಲಿನ ಕೋರಿಕೆಗಳನ್ನೆಲ್ಲ ವಿನಯಪೂರ್ವಕವಾಗಿ ಹಿಂದಕ್ಕೆ ಪಡೆಯುತ್ತಿದ್ದೇನೆ.

ಫೋನನ್ನು ಮಡಿಲಲ್ಲಿ ಮಗುಚಿಟ್ಟು ಬರೆದ,
ತಮ್ಮ ವಿಶ್ವಾಸಿ,
ಹಿಂದಿನ ಸೀಟಿನ ಮೊಮ್ಮಗಳು

ಮರೆತ ಮಾತು: ಆ ಹುಡುಗಿ ದಾಟುತ್ತಿದ್ದ ಜೀಬ್ರಾ ಪಟ್ಟೆಗಳ ನೆತ್ತಿಯ ಮೇಲೆಯೇ ತಮ್ಮ ಇಲಾಖೆ ಮನೆಯಷ್ಟು ದೊಡ್ಡ ಪರದೆಯೊಂದನ್ನು ತೂಗುಹಾಕಿದೆ. ಸೋಪು, ಹಾಸಿಗೆಗಳ ಜಾಹೀರಾತಿನ ನಡುನಡುವೆ "ಗಾಡಿ ಓಡಿಸುವಾಗ ಪರದೆ ನೋಡಬೇಡಿ" ಎಂದು ಅದು ಮಿನುಗುತ್ತದೆ. ಓದಬೇಕೆಂದರೆ ಚಾಲಕರು ರಸ್ತೆ ಬಿಟ್ಟು ಮೇಲೆ ನೋಡಬೇಕು. ಅದು ನಮ್ಮ ಗಾಡಿಯ ಹೊರಗಿರುವುದರಿಂದ ಅಪ್ಪ ಹೊಣೆಯಲ್ಲ. ತಾವು ಬಂದು ನೋಡುವುದಾದರೆ, ಅಜ್ಜಿ ತನ್ನ ಹೊಸ ಕನ್ನಡಕವನ್ನು ಎರವಲು ಕೊಡಲು ಒಪ್ಪಿದ್ದಾಳೆ.