ಅತ್ತೆಯವರಿಗೊಂದು ಕ್ಯಾರವಾನ್

ಯಾವುದೇ ವಸ್ತುವನ್ನು ಕೊಳ್ಳುವ ಮುನ್ನ ಅದರ ಗುಣದೋಷಗಳನ್ನು ಕ್ರಮವಾಗಿ ಪರಿಶೀಲಿಸಬೇಕೆಂಬುದು ನನ್ನ ಸಿದ್ಧಾಂತ. ಅದು ಬದನೆಕಾಯಿಯಾದರೂ ಸರಿ, ಬಂಗಾರವಾದರೂ ಸರಿ. ಮೈಸೂರಿನ ಶಾಲೆಯೊಂದರಲ್ಲಿ ಬಹುಕಾಲ ವ್ಯಾಕರಣ ಕಲಿಸಿ, ಅನಂತರ ಕೊಲ್ಲಿ ನಾಡಿನ ದೇರಾದ ಕಚೇರಿಯೊಂದರಲ್ಲಿ ಇತರರು ಬರೆದ ಪತ್ರಗಳನ್ನು ತಿದ್ದಲು ಬಂದವನು ನಾನು. ತಪ್ಪು ಸಿಗದ ದಿನ ನನಗೆ ಊಟ ಸೇರುವುದಿಲ್ಲ. ಈ ಗುಣವನ್ನು ನಾನು ಶಿಸ್ತು ಎನ್ನುತ್ತೇನೆ. ನನ್ನ ಹೆಂಡತಿ ಸುಮಾ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಈ ಚಳಿಗಾಲಕ್ಕೆ ಅತ್ತೆಯವರು ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದರು. ಎತ್ತರದ ಕಟ್ಟಡಗಳಲ್ಲಿ ಅವರಿಗೆ ಆಸಕ್ತಿಯಿಲ್ಲ. ಊರಿಗೆ ಮರಳುವುದರೊಳಗೆ ಮರಳುಗಾಡಿನಲ್ಲಿ ಒಂದು ರಾತ್ರಿ ಮಲಗಿ ನಕ್ಷತ್ರ ನೋಡಬೇಕೆಂಬುದೊಂದೇ ಆಸೆ. ನಮ್ಮ ಗೆಳೆಯರೆಲ್ಲ ಅಲ್ಲಿ ಡೇರೆ ಹಾಕಿ ಮಲಗುತ್ತಾರೆ. ಅತ್ತೆಯವರದಾದರೋ, ನೆಲಕ್ಕೆ ಕುಳಿತರೆ ಇಬ್ಬರು ಹಿಡಿದೆತ್ತಬೇಕಾದ ಮಂಡಿ. ಅವರಿಗೆ ಮಂಚವೂ ಬೇಕು, ಪಕ್ಕದಲ್ಲೇ ಕಮೋಡೂ ಬೇಕು. ಹೇಗೂ ಪ್ರತಿ ಚಳಿಗಾಲಕ್ಕೂ ಆದೀತೆಂದು, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆಯನ್ನು, ಅಂದರೆ ಕ್ಯಾರವಾನೊಂದನ್ನು, ಕೊಳ್ಳುವುದೆಂದು ನಿರ್ಧರಿಸಿದೆವು.

ಹೊಸದೋ ಹಳೆಯದೋ ಎಂಬ ಪ್ರಶ್ನೆ ಎದ್ದಾಗ ನಾನು ಹೊಸದರ ಪಕ್ಷ ವಹಿಸಿದೆ. ಈ ದೇಶದಲ್ಲಿ ನಾವೆಲ್ಲರೂ 'ಮುಂದಿನ ವರ್ಷ ಊರಿಗೆ ಹೋಗುವವರು'. ಹೋಗುವವರು ಹೊಸ ಸೋಫಾ ಏಕೆ ಕೊಂಡಾರು? ಹೀಗಾಗಿ ಅಲ್ ಮುರಕ್ಕಬಾತಿನ ನಮ್ಮ ಫ್ಲಾಟು, ನಿಜವಾಗಿಯೂ ಊರಿಗೆ ಹೋದವರು ಬಿಟ್ಟ ಸಾಮಾನುಗಳಿಂದಲೇ ತುಂಬಿದೆ. ಫ್ರಿಜ್ಜಿನ ಬಾಗಿಲಿನಲ್ಲಿ ಇಂದಿಗೂ ಯಾರದೋ ಮಕ್ಕಳು ಅಂಟಿಸಿದ ಡೈನೋಸಾರ್‌ಗಳಿವೆ. ಒಂದನ್ನಾದರೂ ಹೊಸದಾಗಿ ಕೊಳ್ಳೋಣವೆಂದರೆ ಸುಮಾ, "ರೀ, ಹೊಸದು ತಂದ್ರೆ ಅದರ ಪ್ಲಾಸ್ಟಿಕ್ ತೆಗೆಯೋದು ಯಾವಾಗ? ಟೀವಿ ರಿಮೋಟ್ ಇನ್ನೂ ಕವರಿನಲ್ಲೇ ಇದೆ," ಎಂದಳು.

ಆದರೂ ಷೋರೂಮಿಗೆ ಹೋದೆವು. ಒಳಗೆ ಹಾಲಿನಂತಹ ಬಿಳಿ ಆಸನಗಳು. ಚಪ್ಪಲಿಯನ್ನು ಹೊರಗೇ ಬಿಡಬೇಕೆಂದು ಎಲ್ಲರಿಗೂ ಸೂಚಿಸಿ, ಒಳಗೆ ಮರಳು ಬಾರದಂತೆ ತಡೆಯುವ ಉಪಾಯವೇನೆಂದು ಮಾರಾಟಗಾರನನ್ನು ಕೇಳಿದೆ. ಎಲ್ಲಿಗೆ ಕೊಂಡೊಯ್ಯುತ್ತೀರಿ ಎಂದ. ಮರಳುಗಾಡಿಗೆ ಎಂದೆ. ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಲಾರದೆ ಬಾಗಿಲಲ್ಲೇ ನಿಂತಿದ್ದ ಅತ್ತೆಯವರು, "ಅಳಿಯಂದ್ರೇ, ಇದು ದೇವರ ಮನೆ ಇದ್ದ ಹಾಗಿದೆ. ಇಲ್ಲಿಂದಲೇ ಕೈಮುಗಿದು ಹೊರಡೋಣ," ಎಂದರು.

ಮುಂದಿನ ಶನಿವಾರ ಮಿರ್ದಿಫ್‌ಗೆ ಹೋದೆವು. ಅಲ್ಲಿ ಸುಮಾಳ ಸಹೋದ್ಯೋಗಿ, ಮಂಗಳೂರಿನ ಲಾರೆನ್ಸ್, ವಿಲ್ಲಾದ ಅಂಗಳದಲ್ಲಿ ನಿಲ್ಲಿಸಿದ್ದ ತಮ್ಮ ಹಳೆಯ ಕ್ಯಾರವಾನನ್ನು ಮಾರುವವರಿದ್ದರು. "ಮಕ್ಕಳು ದೊಡ್ಡವರಾದ್ರು ಸರ್. ಈಗ ಮರಳಿಗೆ ಕರೆದ್ರೆ ಬರುವುದಿಲ್ಲ, ಮಾಲಿಗೆ ಕರೆದ್ರೆ ಬರ್ತಾರೆ," ಎಂದರು. ನಾನು ಅಂಗಿಯ ತೋಳು ಮಡಚಿ ಪರಿಶೀಲನೆ ಆರಂಭಿಸಿದೆ. ಟೈರುಗಳನ್ನು ತಟ್ಟಿದೆ, ಅಡಿಯಲ್ಲಿ ತೂರಿ ತುಕ್ಕು ಹುಡುಕಿದೆ, ನಲ್ಲಿ ತಿರುಗಿಸಿದೆ, ಗ್ಯಾಸಿನ ಕೊಳವೆಯನ್ನು ಮೂಸಿದೆ. ಒಣಮೀನಿನ ವಾಸನೆ ಬಂತು. ಒಂದು ಕಪಾಟಿನ ಬಾಗಿಲು ಮುಚ್ಚುತ್ತಿರಲಿಲ್ಲ.

"ಅದು ಸುರುವಿನಿಂದಲೂ ಹಾಗೆಯೇ ಮಾರಾಯ್ರೆ. ಮೊಣಕೈಯಲ್ಲಿ ಒಂದು ಕೊಟ್ರೆ ಕೂತ್ಕೊಳ್ತದೆ," ಎಂದರು ಲಾರೆನ್ಸ್.

ವಿನಯದಿಂದ ನಿರಾಕರಿಸುವ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಾಗ ಒಳಗಿನಿಂದ ಗೊರಕೆ ಕೇಳಿಸಿತು. ಅತ್ತೆಯವರು ಚಪ್ಪಲಿ ಸಮೇತ ಮಂಚದ ಮೇಲೆ ನಿದ್ರಿಸುತ್ತಿದ್ದರು. "ಅಪ್ಪಾ, ಶಿ ಲವ್ಸ್ ಇಟ್. ಯಲ್ಲಾ, ಖಲಾಸ್," ಎಂದು ಮಗಳು ಅನನ್ಯಾ ಅರಬ್ಬಿಯಲ್ಲೇ ಮಾತು ಮುಗಿಸಿದಳು. ಮೀನಿನ ವಾಸನೆಯ ಸಂಗತಿಯನ್ನು ನಾನು ಮೆಲ್ಲಗೆ ಎತ್ತಿದೆ. ಎಚ್ಚರಗೊಂಡ ಅತ್ತೆಯವರು, "ನನಗೆ ನೆಗಡಿ, ಏನೂ ಗೊತ್ತಾಗ್ತಿಲ್ಲ ಬಿಡಿ. ಇಲ್ಲಿ ಏನು ಚೆಲ್ಲಿದ್ರೂ ಯಾರೂ ಬೈಯಲ್ಲ. ಇದೇ ಇರಲಿ," ಎಂದು ಮಗ್ಗುಲು ಬದಲಿಸಿದರು.

ವ್ಯವಹಾರ ಮುಗಿದು ಕೈಕುಲುಕಿದ ಮೇಲೆ ಲಾರೆನ್ಸ್, "ಎಳೀಲಿಕ್ಕೆ ಗಾಡಿ ಎಲ್ಲಿ ಉಂಟು ಸರ್?" ಎಂದರು. ಗೇಟಿನ ಬಳಿಯಿದ್ದ ನನ್ನ ಪುಟ್ಟ ಕಾರನ್ನು ತೋರಿಸಿದೆ. ನಾನು ಕ್ಯಾರವಾನನ್ನು ಸುತ್ತಿದಷ್ಟೇ ಗಂಭೀರವಾಗಿ ಅವರು ಅದನ್ನೊಮ್ಮೆ ಸುತ್ತಿ ಬಂದರು.

"ಇದಕ್ಕೆ ಹುಕ್ಕೇ ಇಲ್ಲ. ಹುಕ್ಕು ಹಾಕಿದ್ರೂ ಸರ್, ಇಳಿಜಾರು ಬಂದ್ರೆ ಕ್ಯಾರವಾನೇ ಇದನ್ನು ನೂಕ್ಕೊಂಡು ಹೋಗ್ತದೆ."

"ಪ್ರಶ್ನೆಪತ್ರಿಕೆ ಪೂರ್ತಿ ಓದಿ ಆಮೇಲೆ ಉತ್ತರ ಬರೀಬೇಕು ಅಂತ ಮಕ್ಕಳಿಗೆ ಹೇಳ್ತಿದ್ರಲ್ಲ," ಎಂದಳು ಸುಮಾ. ಅವಳ ಸ್ಮರಣಶಕ್ತಿ ಅನವಶ್ಯಕವಾಗಿ ಚೆನ್ನಾಗಿದೆ.

ಲಾರೆನ್ಸ್ ದೊಡ್ಡ ಮನಸ್ಸಿನವರು. ಅವರ ಗಾಡಿಯೂ ದೊಡ್ಡದು. ಮರುವಾರ ಕ್ಯಾರವಾನನ್ನು ಮರಳುಗಾಡಿಗೆ ಅವರೇ ಎಳೆದು ತಂದರು. ನಾವು ಹಿಂದಿನಿಂದ ಅದರ ಧೂಳು ಕುಡಿಯುತ್ತ ಬಂದೆವು. ಕತ್ತಲಾಗುತ್ತಿದ್ದಂತೆ ಅತ್ತೆಯವರು ಕಿಟಕಿ ತೆರೆಸಿ, ಮಂಚದ ಮೇಲೆ ಕಾಲು ಚಾಚಿ, ನಕ್ಷತ್ರ ನೋಡತೊಡಗಿದರು. ನಾನು ಒಳಬಂದ ಮರಳನ್ನು ಗುಡಿಸುತ್ತಿದ್ದೆ.

"ಅಳಿಯಂದ್ರೇ, ಆ ಮರಳನ್ನ ಎಲ್ಲಿ ಹಾಕ್ತೀರಿ?"

ಬಾಗಿಲಾಚೆ ನೋಡಿದೆ. ಕಣ್ಣು ಹಾಯುವಷ್ಟು ದೂರ ಅದೇ ಇತ್ತು.

"ಇನ್ನು ಎಳೆಯೋ ಕಾರು ಬೇಕಲ್ಲ," ಎಂದು ಅವರು ಮುಂದುವರಿಸಿದರು. "ಹೊಸದೋ ಹಳೇದೋ ಅಂತ ನೀವು ತಲೆ ಕೆಡಿಸ್ಕೋಬೇಡಿ. ನನ್ನನ್ನ ಕರ್ಕೊಂಡು ಹೋಗಿ. ಯಾವುದರಲ್ಲಿ ನನಗೆ ನಿದ್ದೆ ಬರುತ್ತೋ ಅದನ್ನ ತಗೊಳ್ಳಿ."

ಪರಿಶೀಲನೆಗೆ ಇದಕ್ಕಿಂತ ಕ್ರಮಬದ್ಧವಾದ ವಿಧಾನ ನನಗೂ ಹೊಳೆಯಲಿಲ್ಲ. ಪೊರಕೆಯನ್ನು ಕಪಾಟಿನೊಳಗಿಟ್ಟು, ಬಾಗಿಲಿಗೆ ಮೊಣಕೈಯಿಂದ ಒಂದು ಕೊಟ್ಟೆ. ಕೂತುಕೊಂಡಿತು.