ಒಡೆಯದ ಕೆರೆ ಏರಿಯನ್ನು ಒಡೆದ ರಾಧಾಮಣಿಯವರಿಗೆ

ಕಡಲಾಚೆ ಕುಳಿತು ನಮ್ಮೂರ ಕೆರೆ ಕಾಯುತ್ತಿದ್ದ ಮಾನ್ಯರೇ,

ಹುಣಸಮಾರನಹಳ್ಳಿಯ ದೊಡ್ಡಮುನಿಯಪ್ಪನ ಸಾಷ್ಟಾಂಗ ನಮಸ್ಕಾರಗಳು. 'ರಾಧಾಮಣಿ, ಹುಣಸಮಾರನಹಳ್ಳಿ' ಎಂಬ ತಮ್ಮ ಸಾಮಾಜಿಕ ಜಾಲತಾಣದ ಖಾತೆ ಯಾವುದೋ ಪರದೇಶದ ಕಚೇರಿಯಿಂದ ನಡೆಯುತ್ತಿತ್ತೆಂದು ಕಂಪನಿಯವರು ಅದನ್ನು ಕಿತ್ತುಹಾಕಿರುವುದರಿಂದ, ವಿಳಾಸ ತಿಳಿಯದೆ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಮಗೆ ಮೀಸೆ ಇದ್ದರೂ ಇರಬಹುದು, ನಮಗೆ ತಾವು ರಾಧಾಮಣಿಯೇ.

ನಾವು ಕೆರೆ ಏರಿ ಎನ್ನುವುದನ್ನು ತಾವು 'ಸರೋವರದ ಅಣೆಕಟ್ಟು' ಎಂದು ಬರೆದಾಗಲೇ ಅನುಮಾನ ಬರಬೇಕಿತ್ತು. ಓದಿದ ಹುಡುಗಿ ಎಂದು ಹೆಮ್ಮೆಪಟ್ಟೆವು. ನನ್ನ ಗೆಳೆಯ ಬ್ಯಾಟರಾಯಪ್ಪನ ಪಕ್ಷದವರು ಏರಿ ಒಡೆಯುತ್ತಿದ್ದಾರೆಂದು ತಾವು ನಮ್ಮ ಕಡೆಯವರಿಗೆ ಕಳಿಸಿದ ಫೋಟೋದಲ್ಲಿ ಎಲ್ಲರೂ ಉಣ್ಣೆ ಕೋಟು ತೊಟ್ಟು ಹಿಮದಲ್ಲಿ ನಿಂತಿದ್ದರು. ಅದೇ ಫೋಟೋವನ್ನು ಅವನ ಕಡೆಯವರಿಗೂ ಕಳಿಸಿ, ಒಡೆಯುತ್ತಿರುವುದು ನನ್ನ ಪಕ್ಷ ಎಂದು ಬರೆದ ತಮ್ಮ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಾವಿಬ್ಬರೂ ಅದನ್ನು ಓದಿ ಕೊರಳಪಟ್ಟಿ ಹಿಡಿದುಕೊಂಡದ್ದು ಆ ಏರಿಯ ಮೇಲೆ ನಿಂತೇ. ಏರಿ ಗಟ್ಟಿಯಾಗಿಯೇ ಇತ್ತು. ಕೆಳಗೆ ನೋಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಬ್ಯಾಟರಾಯಪ್ಪ ಎಂದರೆ, ಪ್ರತಿ ಚುನಾವಣೆಯಲ್ಲೂ ನನ್ನ ಸ್ಕೂಟರಿನ ಹಿಂದೆ ಕುಳಿತು ಮತಗಟ್ಟೆಗೆ ಬಂದು, ನನ್ನ ಓಟನ್ನು ತನ್ನ ಓಟಿನಿಂದ ಹೊಡೆದುಹಾಕಿ, ಆಮೇಲೆ ಯಲಹಂಕದಲ್ಲಿ ದೋಸೆ ಕೊಡಿಸುತ್ತಿದ್ದವನು. ನಮ್ಮೂರಿನ ರಾಜಕೀಯ ಒಗ್ಗಟ್ಟು ಎಂದರೆ ಅಷ್ಟೇ ಆಗಿತ್ತು. ಈ ಸಲ ಅವನು ಆಟೋದಲ್ಲಿ ಹೋದ. ನಾನು ಒಬ್ಬನೇ ಕುಳಿತು ದೋಸೆ ತಿಂದು, ದುಡ್ಡನ್ನೂ ನಾನೇ ಕೊಟ್ಟು ಬಂದೆ. ಆ ತಿಂಗಳು ತಮಗೆ ಬಡ್ತಿ ಸಿಕ್ಕಿರಬೇಕು.

ಆದ್ದರಿಂದ ತಾವು ದಯಮಾಡಿ ಇನ್ನೊಂದು ಹೆಸರಿನಲ್ಲಿ ಅವತರಿಸಿ, ದೊಡ್ಡಮುನಿಯಪ್ಪ ರಾಜಿಗೆ ಬಂದಿದ್ದಾನೆ, ಸ್ಕೂಟರ್ ಒರೆಸಿಟ್ಟುಕೊಂಡು ಕಾಯುತ್ತಿದ್ದಾನೆ ಎಂದು ಸುದ್ದಿ ಹಬ್ಬಿಸಬೇಕಾಗಿ ವಿನಂತಿ. ನಾನೇ ಹೋಗಿ ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾನೆ. ತಾವು ಹೇಳಿದ್ದನ್ನು ಅವನು ಈವರೆಗೆ ನಂಬದೆ ಬಿಟ್ಟದ್ದಿಲ್ಲ. ಫೋಟೋದಲ್ಲಿ ಹಿಮವಿದ್ದರೂ ಪರವಾಗಿಲ್ಲ.

ತಮ್ಮನ್ನು ಗೆಳೆಯನಿಗಿಂತ ಹೆಚ್ಚು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ದೊಡ್ಡಮುನಿಯಪ್ಪ

ತಾ.ಕ.: ಈ ಪತ್ರವನ್ನು ಊರಿನ ವಾಟ್ಸಾಪ್ ಗುಂಪಿಗೂ ಹಾಕಿದ್ದೆ. ಬ್ಯಾಟರಾಯಪ್ಪನ ಉತ್ತರ ಬಂದಿದೆ: "ಇದೂ ಆ ಫಾರಿನ್ನೋರ್ದೇ ಕಣ್ರಪ್ಪ, ಯಾರೂ ನಂಬ್ಬೇಡಿ. ನಮ್ ಮುನಿಯಪ್ಪಂಗೆ ಇಂಗೆಲ್ಲ ಬರೆಯಕ್ಕೆ ಎಲ್ ಬರ್ತದೆ." 'ನಮ್' ಎಂದದ್ದನ್ನು ಓದಿ ನನಗೆ ಕಣ್ಣು ತುಂಬಿತು. ಇಷ್ಟು ದಿನಕ್ಕೆ ಅವನು ಒಂದು ಸುದ್ದಿಯನ್ನು ಅನುಮಾನಿಸಿದ, ಅದೂ ನಿಜವಾದದ್ದನ್ನು.